ದ್ರಾವಕಗಳಿಂದ ಕೆಟ್ಟ ಅಂತರ್ಜಲದ ಶುದ್ಧೀಕರಣ

ಯಂತ್ರಭಾಗಗಳ ಜಿಡ್ಡು ತೆಗೆಯಲು, ಡ್ರೈಕ್ಲೀನಿಂಗ್‌ಗೆ, ಎಲೆಕ್ಟ್ರಾನಿಕ್ ಚಿಪ್ ತಯಾರಿಕೆಗೆ ಬಳಸುವ ಕ್ಲೋರಿನ್‌ಯುಕ್ತ ದ್ರಾವಕಗಳು ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸಿದಾಗ, ಅವನ್ನು ಮೇಲೆತ್ತುವ ಇಲ್ಲವೇ ಇದ್ದಲ್ಲೇ ಒಡೆದುಹಾಕುವ ವಿಧಾನಗಳು. ಇಂಥ ದ್ರಾವಕಗಳಲ್ಲಿ ಹೆಚ್ಚು ಕುಖ್ಯಾತವಾದದ್ದು ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ. ಮನುಷ್ಯರಲ್ಲಿ ಇದು ಕ್ಯಾನ್ಸರ್‌ಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ನಿರ್ಣಯಿಸಿತು.

ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಟಿಸಿಇಗೆ ಇರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಒಂದೇ ಲೀಟರ್ ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಟಿಸಿಇ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಪೆಟ್ರೋಲಿನಂತೆ ನೀರಿನ ಮೇಲೆ ತೇಲದೆ, ಮರಳಿನ ಸಂದುಗಳಲ್ಲಿ ಹನಿಹನಿಯಾಗಿ ಉಳಿಯುತ್ತ ತಳದ ಜೇಡಿ ಪದರದವರೆಗೂ ಇಳಿದು ಅಲ್ಲಿ ಮಡುಗಟ್ಟುತ್ತದೆ. ಅಲ್ಲಿಂದ ಮುಂದೆ ನಿಧಾನವಾಗಿ ಕರಗುತ್ತ ಹರಿಯುವ ನೀರಿಗೆ ಬೆರೆಯುತ್ತದೆ, ಸ್ವಲ್ಪಭಾಗ ಜೇಡಿಯೊಳಗೂ ಸೇರಿಕೊಳ್ಳುತ್ತದೆ. ಶುದ್ಧೀಕರಣದ ಕಷ್ಟವೆಲ್ಲ ಇರುವುದು ಇಲ್ಲೇ. ಬಾವಿಯಲ್ಲಿ ಪರೀಕ್ಷೆಗೆ ಸಿಗುವುದು ಕರಗಿದ ಅಂಶ ಮಾತ್ರ, ಮೂಲದ ಮಡು ಎಲ್ಲಿದೆಯೆಂದು ಪತ್ತೆಹಚ್ಚುವುದೇ ದೊಡ್ಡ ಕೆಲಸ. ಜರ್ಮನಿಯ ಭೂಜಲವಿಜ್ಞಾನಿ ಫ್ರೀಡ್ರಿಶ್ ಶ್ವಿಲೆ ಪ್ರಯೋಗಶಾಲೆಯಲ್ಲಿ ಈ ನಡವಳಿಕೆಯನ್ನು ತೋರಿಸಿಕೊಡುವ ಹೊತ್ತಿಗೆ ಜಗತ್ತಿನ ಕಾರ್ಖಾನೆಗಳು ದಶಕಗಟ್ಟಲೆ ದ್ರಾವಕ ಬಳಸಿಯಾಗಿತ್ತು.

ಈ ಸಮಸ್ಯೆಯನ್ನು ಒಂದೆಡೆ ಕಾಣಬೇಕೆಂದರೆ ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಯನ್ನು ನೋಡಬೇಕು. ಹೊಗೆ ಕಾರುವ ಚಿಮಣಿಗಳಿಲ್ಲದ ಚಿಪ್ ಉದ್ಯಮವನ್ನು ಅಲ್ಲಿನವರು ಶುಭ್ರ ಉದ್ಯಮವೆಂದೇ ನಂಬಿದ್ದರು. 1981ರ ಕೊನೆಗೆ ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಘಟಕದಲ್ಲಿ ನೆಲದಡಿಯ ತ್ಯಾಜ್ಯ ತೊಟ್ಟಿ ಸೋರಿ, ಹತ್ತಿರದ ಕುಡಿಯುವ ನೀರಿನ ಬಾವಿಗೆ ಟ್ರೈಕ್ಲೋರೋಈಥೇನ್ ಎಂಬ ಇನ್ನೊಂದು ದ್ರಾವಕ ಸೇರಿರುವುದು ಪತ್ತೆಯಾಯಿತು. ಹುಡುಕುತ್ತ ಹೋದಂತೆ ಇಂಥ ತೊಟ್ಟಿಗಳು ಕಣಿವೆಯ ಉದ್ದಕ್ಕೂ ಸಿಕ್ಕವು. ಮಲಿನ ಸ್ಥಳಗಳ ಶುದ್ಧೀಕರಣಕ್ಕೆಂದು ಬಂದ 1980ರ ಸೂಪರ್‌ಫಂಡ್ ಕಾಯ್ದೆಯಡಿ ಪಟ್ಟಿಯಾದ ಸ್ಥಳಗಳು ಈ ಕಣಿವೆಯ ಸಾಂಟಾ ಕ್ಲಾರಾ ಕೌಂಟಿಯಲ್ಲಿರುವಷ್ಟು ಅಮೆರಿಕದ ಬೇರಾವ ಕೌಂಟಿಯಲ್ಲೂ ಇಲ್ಲ.

ಮೊದಲು ಹೊಳೆದ ಉಪಾಯ ಸರಳವಾದದ್ದು: ನೀರನ್ನು ಪಂಪಿನಿಂದ ಮೇಲೆತ್ತಿ, ಗಾಳಿಯೂದಿ ದ್ರಾವಕವನ್ನು ಹಾರಿಸುವುದು ಅಥವಾ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವುದು. ಮಲಿನ ನೀರು ಮುಂದಕ್ಕೆ ಹರಡದಂತೆ ತಡೆಯಲು ಇದು ಒಳ್ಳೆಯ ವಿಧಾನವೇ, ಆದರೆ ನೆಲವನ್ನು ಪೂರ್ತಿ ಶುದ್ಧಗೊಳಿಸಲು ಸಾಲದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಇಂಥ 77 ಸ್ಥಳಗಳನ್ನು ಪರಿಶೀಲಿಸಿದಾಗ 69ರಲ್ಲಿ ಗುರಿ ಇನ್ನೂ ಮುಟ್ಟಿರಲಿಲ್ಲ. ಪಂಪು ನಿಲ್ಲಿಸಿದ ಕೆಲಕಾಲಕ್ಕೆ ಜೇಡಿಯೊಳಗಿನ ದ್ರಾವಕ ಹೊರಬಂದು ಪ್ರಮಾಣ ಮತ್ತೆ ಏರುವುದು ಸಾಮಾನ್ಯ.

ಆದ್ದರಿಂದಲೇ ನೆಲದೊಳಗೇ ಕೆಲಸ ಮುಗಿಸುವ ವಿಧಾನಗಳು ಬಂದವು. ಅವುಗಳಲ್ಲಿ ಜಾಣತನದ್ದು ಕಬ್ಬಿಣದ ಗೋಡೆ. ಕೆನಡದ ವಾಟರ್‌ಲೂ ವಿಶ್ವವಿದ್ಯಾನಿಲಯದ ರಾಬರ್ಟ್ ಗಿಲ್‌ಹ್ಯಾಮ್ ಮತ್ತು ಸಂಗಡಿಗರು 1991ರಲ್ಲಿ ಒಂಟಾರಿಯೊದ ಬೋರ್ಡನ್‌ನಲ್ಲಿ ಇದನ್ನು ಪ್ರಯೋಗಿಸಿದರು. ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಚೂರು ತುಂಬುತ್ತಾರೆ. ನೀರು ತನ್ನ ಪಾಡಿಗೆ ಹಾದುಹೋಗುವಾಗ, ತುಕ್ಕು ಹಿಡಿಯುವ ಕಬ್ಬಿಣ ಬಿಟ್ಟುಕೊಡುವ ಎಲೆಕ್ಟ್ರಾನುಗಳಿಂದ ದ್ರಾವಕದ ಕ್ಲೋರಿನ್ ಕಳಚಿ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ವಾಣಿಜ್ಯ ಮಟ್ಟದಲ್ಲಿ ಮೊದಲ ಗೋಡೆ ಏರಿದ್ದು 1990ರ ದಶಕದ ನಡುವೆ, ಇದೇ ಕಣಿವೆಯ ಸನ್ನಿವೇಲ್‌ನ ಹಳೆಯ ಚಿಪ್ ಕಾರ್ಖಾನೆಯೊಂದರ ಆವರಣದಲ್ಲಿ.

ನಮ್ಮ ಹಳ್ಳಿಗಳಲ್ಲಿ ಬಾವಿ ಶುಚಿ ಮಾಡಲು ಹಾಕುತ್ತಿದ್ದ ಪೊಟ್ಯಾಸಿಯಂ ಪರ್ಮಾಂಗನೇಟನ್ನೂ ದ್ರಾವಕವನ್ನು ಒಡೆಯಲು ನೆಲಕ್ಕೆ ಒತ್ತಡದಿಂದ ತಳ್ಳುವುದುಂಟು. ಪರೀಕ್ಷಾ ಬಾವಿಯ ನೀರು ನೇರಳೆಯಾಗಿದ್ದರೆ ಔಷಧಿ ಇನ್ನೂ ಉಳಿದಿದೆ ಎಂದರ್ಥ. ಎಣ್ಣೆ ಅಥವಾ ಕಾಕಂಬಿ ಉಣಿಸಿ ಬ್ಯಾಕ್ಟೀರಿಯಾಗಳಿಂದ ದುಡಿಸುವುದು ಇನ್ನೊಂದು ದಾರಿ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ವರದಿ ಮಾಡಿದ, ಈಗ ಡಿಹಾಲೊಕೊಕಾಯ್ಡಿಸ್ ಎನಿಸಿಕೊಂಡ ಗುಂಪಿನ ಜೀವಿ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಕೊನೆಗೆ ನಿರುಪದ್ರವಿ ಎಥಿಲೀನ್ ಉಳಿಸುತ್ತದೆ. ತಕ್ಕ ಜೀವಿಗಳಿಲ್ಲದೆ ಕ್ರಿಯೆ ನಡುವೆ ನಿಂತರೆ ಉಳಿಯುವುದು ವಿನೈಲ್ ಕ್ಲೋರೈಡ್. ಅದರ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ, ಟಿಸಿಇಗಿಂತ ಬಿಗಿ. ಮಡು ಇರುವ ಜಾಗ ಖಚಿತವಾಗಿ ಗೊತ್ತಿದ್ದರೆ ವಿದ್ಯುತ್ ಹಾಯಿಸಿ ನೆಲವನ್ನೇ ಕಾಯಿಸಿ ಆವಿಯನ್ನು ಹೀರಿ ತೆಗೆಯಬಹುದು. ಪರಿಣಾಮಕಾರಿ, ಆದರೆ ದುಬಾರಿ.

ನೀರು ಕುಡಿಯದವರಿಗೂ ಅಪಾಯ ತಪ್ಪಿದ್ದಲ್ಲ. ದ್ರಾವಕದ ಆವಿ ಮಣ್ಣಿನ ಮೂಲಕ ಏರಿ ಕಟ್ಟಡದ ಬಿರುಕುಗಳಿಂದ ಒಳಗೆ ಬರುತ್ತದೆ. ಕನ್ನಡಿಗರೂ ಸಾಕಷ್ಟಿರುವ, ಇದೇ ಕಣಿವೆಯ ಮೌಂಟನ್ ವ್ಯೂನಲ್ಲಿ, ಫೇರ್‌ಚೈಲ್ಡ್, ಇಂಟೆಲ್, ರೇಥಿಯಾನ್ ಘಟಕಗಳಿದ್ದ ಪ್ರದೇಶದ ಮೇಲೆ ಈಗ ಸಾಫ್ಟ್‌ವೇರ್ ಕಚೇರಿಗಳಿವೆ. 2012ರ ಕೊನೆಯಲ್ಲಿ ಗೂಗಲ್ ನೌಕರರಿದ್ದ ಎರಡು ಕಟ್ಟಡಗಳ ಗಾಳಿಯಲ್ಲಿ ಟಿಸಿಇ ಮಿತಿ ಮೀರಿದ್ದು ವರದಿಯಾಯಿತು. ಅಲ್ಲಿಯ ಶುದ್ಧೀಕರಣದ ತೀರ್ಮಾನ 1989ರದು.

ಎಲ್ಲ ಕಡೆಯೂ ನೀರನ್ನು ಮೊದಲಿನ ಸ್ಥಿತಿಗೆ ತರಲಾಗದು ಎಂಬುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಒಪ್ಪಿ, ತಾಂತ್ರಿಕವಾಗಿ ಅಸಾಧ್ಯವಾದ ಸ್ಥಳಗಳಿಗೆ ವಿನಾಯಿತಿ ನೀಡುವ ಮಾರ್ಗಸೂಚಿಯನ್ನು 1993ರಲ್ಲಿ ಹೊರಡಿಸಿತು. ವಿನಾಯಿತಿ ಸಿಕ್ಕರೂ ಮಾಲಿನ್ಯ ಹರಡದಂತೆ ತಡೆಯುವ ಹೊಣೆ ತಪ್ಪುವುದಿಲ್ಲ, ಬಾವಿಗಳ ತಪಾಸಣೆ ನಿಲ್ಲುವುದಿಲ್ಲ.