ಗಿಟಾರಿನ ಪ್ರೊಸೆಸರು, ಮೈಕ್‌ಸೆಟ್ಟಿನ ಆಂಪ್ಲಿಫೈಯರು

ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಿರಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಿರಲಿ, ಹೊಸನಗರದ ಕಡೆಯ ಗಣಪತಿ ಪೆಂಡಾಲಿರಲಿ, ರಸಮಂಜರಿ ಎಂದಮೇಲೆ ಕೀಬೋರ್ಡು, ರಿದಂ ಪ್ಯಾಡುಗಳ ಪಕ್ಕ ಒಬ್ಬ ಗಿಟಾರಿನವ ಇದ್ದೇ ಇರುತ್ತಾನೆ. ಅವನ ಕಾಲಬುಡದಲ್ಲಿ ನಾಲ್ಕೈದು ಗುಂಡಿಗಳ ಒಂದು ಡಬ್ಬಿ. ಅದು ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್. ಡಬ್ಬಿಯಿಂದ ಹೊರಟ ವೈರು ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರಿಗೆ ಹೋಗುವುದು ಅಪರೂಪ. ನೇರವಾಗಿ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಸೇರಿಬಿಡುತ್ತದೆ. ನಮ್ಮ ವೇದಿಕೆಗಳಲ್ಲಿ ಗಿಟಾರು ಕೆಲವೊಮ್ಮೆ ಜೇನ್ನೊಣದ ಹಾಗೆ ಗುಂಯ್‌ಗುಡುವುದಕ್ಕೂ ಕೆಲವೊಮ್ಮೆ ಸೊಗಸಾಗಿ ಕೇಳುವುದಕ್ಕೂ ಕಾರಣ ಬಹುಮಟ್ಟಿಗೆ ಈ ಜೋಡಣೆಯಲ್ಲೇ ಇದೆ. ಅದು ಅರ್ಥವಾಗಬೇಕಾದರೆ ಡಬ್ಬಿ ಬೆಳೆದುಬಂದ ದಾರಿಯನ್ನು ನೋಡಬೇಕು.

ಮೊದಲು ಇದ್ದದ್ದು ಆಂಪ್ಲಿಫೈಯರ್ ಮಾತ್ರ. ಅಮೆರಿಕದ ಫೆಂಡರ್, ಇಂಗ್ಲೆಂಡಿನ ವಾಕ್ಸ್, 1962ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಾರ್ಷಲ್ ಕಂಪನಿಗಳ ವಾಲ್ವ್ ಪೆಟ್ಟಿಗೆಗಳನ್ನು ಮಾಡಿದ್ದು ಗಿಟಾರಿನ ದನಿ ದೊಡ್ಡದಾಗಲಿ ಎಂದು. ವಾದಕರು ಅವನ್ನು ತಡೆಯಲಾರದಷ್ಟು ಜೋರಾಗಿ ತಿರುಗಿಸಿದರು, ದನಿ ಒಡೆಯಿತು, ಒಡೆದ ದನಿಯೇ ಜನಕ್ಕೆ ಹಿಡಿಸಿತು. 1961ರಲ್ಲಿ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಹಾಡೊಂದರ ಬೇಸ್ ಗಿಟಾರ್ ಕರ್ಕಶವಾಯಿತು. ಆ ಕೆಟ್ಟ ದನಿಯನ್ನೇ ಬೇಕೆಂದಾಗ ಕೊಡುವ ಪೆಡಲ್ ಆಗಿ ಮರುವರ್ಷ ಗಿಬ್ಸನ್ ಕಂಪನಿ ಮೇಸ್ಟ್ರೊ ಫಜ್‌ಟೋನ್ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಅದಕ್ಕೆ ಬೇಡಿಕೆಯೋ ಬೇಡಿಕೆ. ಪ್ರತಿಧ್ವನಿ ಬೇಕಾದವರು ಟೇಪು ಸುತ್ತುವ ಎಕೋ ಯಂತ್ರ ಹೊರುತ್ತಿದ್ದರು. ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ ಬಂದದ್ದು 1974ರಲ್ಲಿ.

ಕನ್ನಡಿಗರ ಕಿವಿಗೆ ಎಲೆಕ್ಟ್ರಿಕ್ ಗಿಟಾರು ತಲುಪಿದ್ದು ಹೆಚ್ಚಾಗಿ ಸಿನಿಮಾ ಹಾಡುಗಳ ಮೂಲಕ, ರೇಡಿಯೊದ ದಾರಿಯಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಸಹಾಯಕರಾಗಿ ದುಡಿದ ಗಿಟಾರ್ ವಾದಕರೊಬ್ಬರು ಮುಂದೆ ಇಳಯರಾಜ ಎಂದು ಹೆಸರಾದರು. ಮಲೆನಾಡಿನಲ್ಲಿ ದನಿ ದೊಡ್ಡದು ಮಾಡುವ ವಿದ್ಯೆ ಮಾತ್ರ ಬೇರೆ ಕಡೆಯಿಂದ ಬಂತು: ಯಕ್ಷಗಾನದ ಬಯಲಾಟ, ನಾಟಕ, ಮದುವೆಯ ಚಪ್ಪರ. ಇವಕ್ಕೆಲ್ಲ ಅಹುಜಾ ಆಂಪ್ಲಿಫೈಯರು, ತಗಡಿನ ಹಾರ್ನು. ಮಾತು, ಪದ ದೂರಕ್ಕೆ ಕೇಳಿದರೆ ಸಾಕೆಂಬ ಲೆಕ್ಕದ ಯಂತ್ರಗಳು ಅವು. ಭಾಗವತರ ಪಕ್ಕ ಹಾರ್ಮೋನಿಯಂ ಇದ್ದಲ್ಲಿಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದದ್ದು ಇನ್ನೊಂದು ಹೆಜ್ಜೆ. ಬೆಂಗಳೂರಿನಲ್ಲಿ ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ್ ಅದಕ್ಕೆಂದೇ ರಾಡೆಲ್ ಸಂಸ್ಥೆ ಕಟ್ಟಿದ್ದು 1979ರಲ್ಲಿ. ಸಂಗೀತದ ಸಲಕರಣೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂದರೆ ನಮ್ಮ ಕಡೆ ಬಹುಕಾಲ ಶ್ರುತಿಪೆಟ್ಟಿಗೆಯೇ.

ಅತ್ತ ಜಪಾನಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಡಲ್ ತಯಾರಾಗುತ್ತಿತ್ತು. ಡಿಸ್ಟಾರ್ಷನ್, ಅಂದರೆ ಒಡೆದ ದನಿ ಕೊಡುವ ಬಾಸ್ ಕಂಪನಿಯ ಡಿಎಸ್-1 ಬಂದದ್ದು 1978ರಲ್ಲಿ. ಹತ್ತು ವರ್ಷದ ನಂತರ, 1988ರಲ್ಲಿ, ಅದೇ ಕಂಪನಿ ಹಲವು ಪೆಡಲ್‌ಗಳನ್ನು ಒಂದೇ ಹಲಗೆಗೆ ಇಳಿಸಿ ಎಂಇ-5 ಮಾಡಿತು. 1990ರ ಜೂಮ್ 9002 ಗಿಟಾರಿನ ಪಟ್ಟಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದು. ಇಲ್ಲಿಯವರೆಗೆ ಡಬ್ಬಿ ಆಂಪ್ಲಿಫೈಯರಿನ ಮುಂದೆ ಕೂರುವ ಸಹಾಯಕ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂತು, ಲೆಕ್ಕಾಚಾರ ತಲೆಕೆಳಗಾಯಿತು. ಕೆಂಪು ಬಣ್ಣದ ಆ ಡಬ್ಬಿ ಹೆಸರಾಂತ ಆಂಪ್ಲಿಫೈಯರುಗಳ ದನಿಯನ್ನು, ಅವುಗಳ ಸ್ಪೀಕರ್ ಪೆಟ್ಟಿಗೆಯ ಸಮೇತ, ಗಣಿತದಲ್ಲಿ ಅನುಕರಿಸುತ್ತಿತ್ತು. 2011ರ ಜರ್ಮನಿಯ ಕೆಂಪರ್ ಇನ್ನೂ ಮುಂದೆ ಹೋಗಿ, ಎದುರಿಗಿಟ್ಟ ಆಂಪ್ಲಿಫೈಯರಿನ ಪಡಿಯಚ್ಚನ್ನೇ ತೆಗೆದುಕೊಳ್ಳತೊಡಗಿತು. ಈಗ ಚೀನಾದ ವ್ಯಾಲೆಟನ್, ಮೂರ್ ಕಂಪನಿಗಳ ಅಗ್ಗದ ಡಬ್ಬಿಗಳಲ್ಲೂ ಆಂಪ್ಲಿಫೈಯರು, ಸ್ಪೀಕರಿನ ಅನುಕರಣೆ ಇದೆ.

ತಕರಾರು ಹುಟ್ಟುವುದು ಇಲ್ಲೇ. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು ಸುಮಾರು 5,000 ಹರ್ಟ್ಸ್ ದಾಟಿದ ಕೀರಲು ದನಿಯನ್ನು ತಾನೇ ನುಂಗಿಕೊಳ್ಳುತ್ತದೆ. ಮೈಕ್‌ಸೆಟ್ಟಿನ ಬಾಕ್ಸು ನುಂಗುವುದಿಲ್ಲ. ಆದ್ದರಿಂದ ಮಿಕ್ಸರಿಗೆ ನೇರ ಕೊಡುವಾಗ ಡಬ್ಬಿಯೊಳಗಿನ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಅನುಕರಣೆ ಆನ್ ಇರಬೇಕು. ಇಲ್ಲವಾದರೆ ಡಿಸ್ಟಾರ್ಷನ್ ಜೇನ್ನೊಣವಾಗುವುದು ಖಂಡಿತ. ನಿಜವಾದ ಗಿಟಾರ್ ಆಂಪ್ಲಿಫೈಯರಿಗೆ ಕೊಡುವಾಗ ಅದನ್ನೇ ಆಫ್ ಮಾಡಬೇಕು. ಇಲ್ಲವಾದರೆ ಸ್ಪೀಕರಿನ ಮೇಲೆ ಸ್ಪೀಕರ್ ಕೂತು ದನಿ ಕಂಬಳಿ ಹೊದ್ದುಕೊಳ್ಳುತ್ತದೆ. ಬಾಸ್ ಜಿಟಿ ಸಾಲಿನ ಡಬ್ಬಿಗಳ ಮೆನುವಿನಲ್ಲಿ ‘ಔಟ್‌ಪುಟ್ ಸೆಲೆಕ್ಟ್’ ಎಂಬುದೊಂದಿದೆ. ಜೆಸಿ-120, ಕಾಂಬೊ, ಸ್ಟ್ಯಾಕ್ ಎಂಬ ಆಂಪ್ಲಿಫೈಯರುಗಳು, ಅವುಗಳ ರಿಟರ್ನ್, ಕೊನೆಗೆ ಲೈನ್ ಎಂದು ಅಲ್ಲಿ ಸಾಲಾಗಿ ಬರುತ್ತವೆ. ಮಿಕ್ಸರಿಗಾದರೆ ಲೈನ್. ನೂರು ಪ್ಯಾಚು, ಅಂದರೆ ದನಿಯ ಸಿದ್ಧ ಹೊಂದಾಣಿಕೆ, ತಿದ್ದಿಕೊಂಡು ಬಂದ ಹುಡುಗರೂ ಈ ಒಂದು ಸಾಲನ್ನು ತೆರೆದು ನೋಡಿರುವುದಿಲ್ಲ.

ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎಫೆಕ್ಟ್ಸ್ ರಿಟರ್ನ್ ಎಂಬ ರಂಧ್ರವಿದ್ದರೆ ಡಬ್ಬಿಯ ವೈರನ್ನು ಅಲ್ಲಿಗೆ ಚುಚ್ಚಬಹುದು. ಆಗ ಆಂಪ್ಲಿಫೈಯರಿನ ಮುಂಭಾಗದ ಕೆಲಸವನ್ನು ಡಬ್ಬಿ ಮಾಡುತ್ತದೆ, ಶಕ್ತಿ ಕೊಡುವ ಕೆಲಸ ಮಾತ್ರ ಆಂಪ್ಲಿಫೈಯರಿಗೆ ಉಳಿಯುತ್ತದೆ. ನಾಲ್ಕು ವೈರಿನ ಜೋಡಣೆ ಇನ್ನೊಂದು ಬಗೆ. ವಾ, ಡಿಸ್ಟಾರ್ಷನ್‌ಗಳು ಆಂಪ್ಲಿಫೈಯರಿನ ಮುಂದೆ, ಡಿಲೇ, ರಿವರ್ಬ್‌ಗಳು ಅದರ ನಡುವೆ. ಕೇಳಲು ಬಲು ಚೆನ್ನ, ನಿಜ. ಆದರೆ ಹದಿನೈದು ನಿಮಿಷದಲ್ಲಿ ವೇದಿಕೆ ಬಿಟ್ಟುಕೊಡಬೇಕಾದ ಜಾತ್ರೆಯಲ್ಲಿ ಅದು ಬೇಡದ ಉಸಾಬರಿ.

ಇನ್ನು ಕರೆಂಟಿನ ಮಾತು. ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದ್ದರೂ ಸುತ್ತಲ ಹಳ್ಳಿಗಳಲ್ಲಿ ಬಲ್ಬು ಮಿಣಮಿಣ ಅನ್ನುವುದು ನಿಂತಿಲ್ಲ. ವೋಲ್ಟೇಜ್ ಕುಸಿದರೆ ಡಿಜಿಟಲ್ ಡಬ್ಬಿ ನಡುಹಾಡಿನಲ್ಲಿ ಕಣ್ಣುಮುಚ್ಚಿ ಮತ್ತೆ ಮೊದಲಿಂದ ಎದ್ದು ಕೂರುತ್ತದೆ. ವಾಲ್ವ್ ಆಂಪ್ಲಿಫೈಯರು ಸ್ವಲ್ಪ ಸೊರಗಿಯಾದರೂ ಹಾಡು ಮುಗಿಸೀತು. ಬ್ಯಾಟರಿಯಲ್ಲೂ ಓಡುವ ಡಬ್ಬಿ ನಮ್ಮ ಕಡೆಗೆ ವಾಸಿ. ಆಗುಂಬೆ ಸೀಮೆಯ ಮಳೆಗಾಲದ ತೇವಕ್ಕೆ ಜ್ಯಾಕುಗಳು ಕಿಲುಬು ಹಿಡಿದು ಕರಕರ ಅನ್ನುತ್ತವೆ, ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಹಮ್ಮಿಂಗ್ ಬರುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತು ಹಾಕುವ ಚಾಳಿ ಮಾತ್ರ ಪ್ರಾಣಕ್ಕೆ ಸಂಚಕಾರ. ಹಸಿ ನೆಲದ ಮೇಲೆ ನಿಂತವನ ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಡಬ್ಬಿಗೂ ಮಿಕ್ಸರಿಗೂ ನಡುವೆ ಇಡುವ, ಗ್ರೌಂಡ್ ಲಿಫ್ಟ್ ಇರುವ ಡಿಐ ಬಾಕ್ಸು ಹಮ್ಮಿಂಗನ್ನು ಅಪಾಯವಿಲ್ಲದೆ ನಿಲ್ಲಿಸುತ್ತದೆ, ಉದ್ದ ವೈರಿನಲ್ಲಿ ದನಿ ಸೋರುವುದನ್ನೂ ತಡೆಯುತ್ತದೆ.

ಕನ್ನಡದಲ್ಲಿ ಗಿಟಾರಿನ ದನಿಗೆ ಈಗ ಕೇಳುಗರ ಬರವಿಲ್ಲ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಂದಿಗೆ ಹಾಡಿದ ಮೇಲೆ ಕಾಲೇಜು ವೇದಿಕೆಗಳಲ್ಲಿ ಅದೇ ಜಾಡು ಹಿಡಿದವರು ಬಹಳ. ನನ್ನನ್ನು ಕೇಳಿದರೆ ಸಾಗರ, ತೀರ್ಥಹಳ್ಳಿ, ಹೊಸನಗರ ಈ ಮೂರು ತಾಲ್ಲೂಕಿನ ವಾದಕರು ಭಾರದ ಆಂಪ್ಲಿಫೈಯರಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಸಾಧಾರಣ ಡಬ್ಬಿ, ಒಂದು ಡಿಐ ಬಾಕ್ಸು, ಕ್ಲೀನ್, ಕ್ರಂಚ್, ಲೀಡ್ ಎಂಬ ಮೂರು ಪ್ಯಾಚು ಸಾಕು. ಪ್ಯಾಚುಗಳನ್ನು ಹೆಡ್‌ಫೋನಿನಲ್ಲಿ ಕೇಳಿ ಮುಗಿಸಬೇಡಿ. ಊರಿನ ಮೈಕ್‌ಸೆಟ್ಟಿನವರನ್ನು ಒಂದು ಸಂಜೆ ಪುಸಲಾಯಿಸಿ, ಅವರ ಬಾಕ್ಸಿನಲ್ಲೇ ಕೇಳಿ ತಿದ್ದಿಕೊಳ್ಳಿ.