ಬೀದರ್ ಕೋಟೆಯ ತೋಪುಗಳು
ಬೀದರ್ ಕೋಟೆಯ ಬುರುಜುಗಳ ಮೇಲೆ ಉಳಿದಿರುವ ಭಾರಿ ತೋಪುಗಳು. ಲೋಹದ ಪಟ್ಟಿಗಳನ್ನು ಉದ್ದಕ್ಕೆ ಬೆಸೆದು, ಬಂಡಿಗಾಲಿಗೆ ಹಳಿ ತೊಡಿಸಿದಂತೆ ಬಳೆ ಬಿಗಿದು ಕೆಲವನ್ನು ಕಟ್ಟಲಾಗಿದೆ. ಇಂಥ ತೋಪಿಗೆ ಮದ್ದು, ಗುಂಡು ಎರಡನ್ನೂ ಬಾಯಿಯಿಂದಲೇ ತುಂಬಬೇಕು. ಗುಂಡು ಸಡಿಲವಾದರೆ ಒತ್ತಡ ಸೋರಿ ಹೊಡೆತ ಕುಗ್ಗುತ್ತದೆ. ಬಿಗಿಯಾದರೆ ನಡುವೆ ಸಿಕ್ಕಿಕೊಂಡು ನಳಿಗೆಯೇ ಸೀಳಬಹುದು. ಒಳಗೆ ಕಟ್ಟಿದ ಮಸಿಯೂ ಗುಂಡನ್ನು ತಡೆಯುತ್ತದೆ. ಹಾಗಾಗಿ ಹೊಡೆದಾದ ಮೇಲೆ ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಉಜ್ಜುವುದು ಗೋಲಂದಾಜರ, ಅಂದರೆ ತೋಪು ಹಾರಿಸುವವರ, ಕೆಲಸವಾಗಿತ್ತು. ಕೆಲವು ತೋಪುಗಳ ಪಾರಸಿ ಬರಹದಲ್ಲಿ ಗುಂಡು, ಮದ್ದುಗಳ ತೂಕವನ್ನೇ ಕೊರೆದಿರುವುದು ಮೆಚ್ಚತಕ್ಕ ಮುಂದಾಲೋಚನೆ. ಆದರೆ ಮದ್ದೇ ಕೋಟೆಗೆ ಮುಳುವೂ ಆಯಿತು: 1657ರ ಔರಂಗಜೇಬನ ಮುತ್ತಿಗೆಯಲ್ಲಿ ಕೋಟೆಯ ಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ ಸಿಡಿಯಿತು. ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟಗಾಯಗಳಿಂದ ತೀರಿಕೊಂಡ, ಕೋಟೆ ಮೊಘಲರ ವಶವಾಯಿತು.