ಸವೆದ ಟೈರು, ಬಿಗಿದ ಬೋಲ್ಟು ಮತ್ತು ಒಂದು ಕಾರ್ಖಾನೆಯ ಕನಸು

ನಿವೃತ್ತಿಯ ಹಣದಲ್ಲಿ ನಾನು ಕೊಂಡ ಒಂದೇ ಒಂದು ಭೋಗದ ವಸ್ತುವೆಂದರೆ 1986ರ ಮಾದರಿಯ ಪ್ರೀಮಿಯರ್ ಪದ್ಮಿನಿ ಕಾರು. ಹುಣಸಮಾರನಹಳ್ಳಿಯ ನಮ್ಮ ಮನೆಯ ಮುಂದೆ ಅದು ನಿಂತು ಈಗ ಎಷ್ಟೋ ಮಳೆಗಾಲಗಳು ಕಳೆದಿವೆ. ಕಳೆದ ಸೆಪ್ಟೆಂಬರ್ 15ರಂದು, ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನದಂದು, ಅದೇ ಕಾರಿನಲ್ಲಿ ಮುದ್ದೇನಹಳ್ಳಿಗೆ ಹೋಗಿಬರಬೇಕೆಂದು ನಾನೂ ನನ್ನಾಕೆಯೂ ನಿಶ್ಚಯಿಸಿದ್ದೆವು. ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೋದರೆ ಚಿಕ್ಕಬಳ್ಳಾಪುರ, ಅದರ ಮಗ್ಗುಲಲ್ಲೇ ಅವರ ಹುಟ್ಟೂರು. ಹೊರಡುವ ಮುನ್ನ ಒಮ್ಮೆ ತೋರಿಸಿಬಿಡೋಣವೆಂದು ಪರಿಚಿತ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಸಾಬರು ಮುಂಬದಿಯ ಎಡ ಚಕ್ರದ ಒಳಮಗ್ಗುಲಿಗೆ ಬೆರಳಿಟ್ಟು ನೋಡಿ, "ಮೇಷ್ಟ್ರೇ, ಈ ಟೈರಲ್ಲಿ ಹೆಬ್ಬಾಳಕ್ಕೂ ಹೋಗಬೇಡಿ" ಎಂದರು. ಬಗ್ಗಿ ನೋಡಿದೆ. ಹೊರ ಅಂಚಿನಲ್ಲಿ ಗೆರೆಗಳು ಹೊಸದರಂತೆಯೇ ಇದ್ದವು. ಒಳ ಅಂಚಿನಲ್ಲಿ ರಬ್ಬರು ಸವೆದು ಒಳಗಿನ ಹುರಿ ಕಾಣುತ್ತಿತ್ತು. ಹೆದ್ದಾರಿಯ ವೇಗದಲ್ಲಿ ಅದು ಸಿಡಿದಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಹಾಗೆ ಸವೆದದ್ದು ಅದೇ ಮೊದಲಲ್ಲ. ಆ ಮೂಲೆಯ ಟೈರನ್ನು ಅದಕ್ಕೂ ಮೊದಲು ಎರಡು ಸಲ ಬದಲಾಯಿಸಿದ್ದೆ. ಪ್ರತಿ ಸಲವೂ ದೂರಿದ್ದು ರಸ್ತೆಯನ್ನು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಹೆದ್ದಾರಿಯಲ್ಲಿ ಅಗೆತ, ಅಗಲೀಕರಣಗಳು ವರ್ಷಗಟ್ಟಲೆ ನಡೆದವು, ದೂರಲು ಸುಲಭವಾಗಿತ್ತು. ಆದರೆ ರಸ್ತೆ ಕೆಟ್ಟದ್ದಾಗಿದ್ದರೆ ನಾಲ್ಕೂ ಟೈರುಗಳು ಸವೆಯಬೇಕಿತ್ತಲ್ಲವೇ? ವಿಜ್ಞಾನವನ್ನು ಬೋಧಿಸಿದ ನನಗೆ ಈ ಸರಳ ಪ್ರಶ್ನೆ ಹೊಳೆಯಲಿಲ್ಲ.

ಶಾಸನ ಬಲ್ಲವರು ಕಲ್ಲನ್ನು ಓದುವಂತೆ ಸಾಬರು ಟೈರನ್ನು ಓದುತ್ತಾರೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ಕುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಕೈಯಾಡಿಸಿದಾಗ ಗರಗಸದ ಹಲ್ಲಿನಂತೆ ತಗುಲಿದರೆ ಚಕ್ರಗಳು ನೇರವಾಗಿ ಓಡುತ್ತಿಲ್ಲ. ಒಂದೇ ಅಂಚು ಸವೆದಿದ್ದರೆ ಚಕ್ರ ಆ ಕಡೆಗೆ ವಾಲಿದೆ. ಮನೆಗೆ ಬಂದು ಲೆಕ್ಕ ಹಾಕಿದೆ: ಚಕ್ರವು ತಾನು ಸಾಗುವ ದಿಕ್ಕಿಗೆ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಡ್ಡಲಾಗಿ ಉಜ್ಜಿಕೊಂಡು ಹೋಗುತ್ತದೆ. ರಬ್ಬರು ಉಳಿಯುವುದಾದರೂ ಹೇಗೆ?

ನಮ್ಮ ಕಾರಿನಲ್ಲಿ ಚಕ್ರ ಒಳಕ್ಕೆ ವಾಲಲು ಕಾರಣ, ಅದನ್ನು ಹಿಡಿದಿರುವ ಕಬ್ಬಿಣದ ತೋಳಿನ ಬುಷ್ ಸವೆದದ್ದು. ಬುಷ್ ಬದಲಾಯಿಸಬೇಕಾದರೆ ಬೋಲ್ಟು ಬಿಚ್ಚಬೇಕು. ಬೋಲ್ಟು ಬಿಚ್ಚಲು ಹೋದರೆ ಅದು ಮೂಲದಲ್ಲೇ ಹುಟ್ಟಿದಂತೆ ಕಚ್ಚಿಕೊಂಡಿತ್ತು.

ಇಲ್ಲಿ ಸ್ವಲ್ಪ ಇತಿಹಾಸವನ್ನು ಹೇಳಬೇಕು. ಭಾರತದಲ್ಲೇ ಮೋಟಾರು ವಾಹನಗಳನ್ನು ತಯಾರಿಸಬೇಕೆಂಬ ಯೋಜನೆಯನ್ನು 1930ರ ದಶಕದಲ್ಲಿ ಹಟ ಹಿಡಿದು ಮುಂದಿಟ್ಟವರಲ್ಲಿ ವಿಶ್ವೇಶ್ವರಯ್ಯನವರು ಪ್ರಮುಖರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ನೋಡಿಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಜೊತೆಗೂಡಿದರು. ಮುಂಬಯಿ ಪ್ರಾಂತದ ಸರ್ಕಾರ ಬೆಂಬಲ ಸೂಚಿಸಿತಾದರೂ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆಗ ಮೈಸೂರು ಸಂಸ್ಥಾನ ನೆರವಿಗೆ ಮುಂದಾಯಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಸಮ್ಮತಿಸಲಿಲ್ಲ. ವಿಚಿತ್ರವೆಂದರೆ, ಅದೇ ವಾಲ್‌ಚಂದರು ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಯುದ್ಧಕ್ಕೆ ವಿಮಾನ ಬೇಕಾಗಿತ್ತು, ಕಾರು ಬೇಕಾಗಿರಲಿಲ್ಲ. ಹೀಗೆ ನಮ್ಮೂರಿಗೆ ವಿಮಾನದ ಕಾರ್ಖಾನೆ ಬಂತು. ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ನೆಲೆಗೊಂಡಿತು.

ಆ ಸಂಸ್ಥೆ ಮುಂದೆ ಇಟಲಿಯ ಫಿಯೆಟ್‌ನೊಡನೆ ಒಪ್ಪಂದ ಮಾಡಿಕೊಂಡಿತು. 1964ರಲ್ಲಿ ಇಲ್ಲಿಗೆ ಬಂದ ಫಿಯೆಟ್ 1100 ಮಾದರಿಯೇ 1970ರ ದಶಕದಲ್ಲಿ ಪದ್ಮಿನಿಯಾಯಿತು. ಇಟಲಿಯಲ್ಲಿ 1960ರ ದಶಕದಲ್ಲೇ ಕೈಬಿಟ್ಟ ವಿನ್ಯಾಸ ಇಲ್ಲಿ ಸುಮಾರು 2000ದವರೆಗೂ ತಯಾರಾಯಿತು. ಮುಂದೆ ಕಾಯಿಲ್ ಸ್ಪ್ರಿಂಗು, ಹಿಂದೆ ಎತ್ತಿನ ಗಾಡಿಯ ಬಿಲ್ಲಿನಂಥ ಲೀಫ್ ಸ್ಪ್ರಿಂಗು, ನಡುನಡುವೆ ಗ್ರೀಸು ಬೇಡುವ ಕೀಲುಗಳು. ಬದಲಾವಣೆ ಇಲ್ಲದ ಕಾರಣದಿಂದಲೇ ಸಾಬರಂಥ ಮೇಸ್ತ್ರಿಗಳು ಅದರ ಒಂದೊಂದು ಬೋಲ್ಟನ್ನೂ ಕಣ್ಣುಮುಚ್ಚಿ ಗುರುತಿಸಬಲ್ಲರು. ಅಂಥ ಕಾರು ಕೇಳುವುದು ಇಷ್ಟೇ: ಕಾಲಕಾಲಕ್ಕೆ ಗ್ರೀಸು. ನಾನು ಅದನ್ನೇ ಮರೆತಿದ್ದೆ.

ಮತ್ತೆ ಬೋಲ್ಟಿಗೆ ಬರೋಣ. ಕಬ್ಬಿಣ ತುಕ್ಕಾದಾಗ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಆಕ್ರಮಿಸುತ್ತದೆ. ನಟ್ಟಿನ ಎಳೆಗಳ ನಡುವೆ ಅದು ಉಬ್ಬಿ ತುಂಬಿಕೊಂಡಾಗ ಹೊರಗಿನಿಂದ ಎಷ್ಟು ತಿರುಗಿಸಿದರೂ ಸಡಿಲವಾಗದು. ಬಲ ಹೆಚ್ಚಾದರೆ ಬೋಲ್ಟೇ ಮುರಿಯುತ್ತದೆ. ಸಾಬರ ಬಳಿಯಿದ್ದ ಹುಡುಗ ಪಾನಾಗೆ ಪೈಪು ತೊಡಿಸಿ ಜಗ್ಗಲು ಹೊರಟ. ಸಾಬರು ತಡೆದರು. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿಸಿ, ಎಳೆಗಳಿಗೆ ಇಂಗುವಂತೆ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ, "ನಾಳೆ ಬನ್ನಿ" ಎಂದರು. ಮರುದಿನವೂ ಎಣ್ಣೆ, ಸುತ್ತಿಗೆಯ ನಾಲ್ಕು ಹದವಾದ ಏಟು, ಮತ್ತೆ "ನಾಳೆ ಬನ್ನಿ". ಮೂರನೆಯ ದಿನ ಮೊದಲು ಬಿಗಿಯುವ ದಿಕ್ಕಿಗೆ ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದರು. ಕಿರ್‍ರೆಂದು ಸದ್ದಾಗಿ ನಟ್ಟು ಕದಲಿತು.

ಒಂದು ಬೋಲ್ಟು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ರಬ್ಬರು, ಬ್ರೇಕಿನ ಕೊಳವೆಗಳನ್ನೆಲ್ಲ ದೂರ ಸರಿಸಿ ಅದರ ನಟ್ಟನ್ನು ಕಾಯಿಸಿದರು. ಹನ್ನೆರಡು ಮಿಲಿಮೀಟರಿನ ರಂಧ್ರ 300 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು, ಅಷ್ಟು ಸಾಕಾಯಿತು. ಹಿಂಬದಿಯ ಶ್ಯಾಕಲ್ ಬೋಲ್ಟುಗಳಿಗೂ ಹಾಗೆಯೇ ಮಾಡಬಾರದೇ ಎಂದು ಕೇಳಿದೆ. "ಹಿಂದೆ ಪೆಟ್ರೋಲ್ ಟ್ಯಾಂಕಿದೆ ಮೇಷ್ಟ್ರೇ" ಎಂದು ನಕ್ಕರು. ಅಲ್ಲಿ ಎಣ್ಣೆ ಮತ್ತು ತಾಳ್ಮೆ ಮಾತ್ರ.

ಹೊಸ ಬುಷ್‌ಗಳನ್ನು ಕೂರಿಸಿದ ಮೇಲೂ ಅವರು ಬೋಲ್ಟುಗಳನ್ನು ಪೂರ್ತಿ ಬಿಗಿಯಲಿಲ್ಲ. ಕಾರನ್ನು ಜಾಕಿನಿಂದ ಇಳಿಸಿ, ಭಾರ ಚಕ್ರಗಳ ಮೇಲೆ ಕುಳಿತ ನಂತರವೇ ಬಿಗಿದರು. ತೂಗಾಡುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆಯಂತೆ. ಕೊನೆಗೆ ಹೊಸ ಟೈರು, ಅದಾದ ಮೇಲೆ ಅಲೈನ್‌ಮೆಂಟು. ಮೊದಲೆರಡು ಸಲ ನಾನು ಕೊನೆಯ ಕೆಲಸವನ್ನು ಮೊದಲು ಮಾಡಿದ್ದೆ. ಮೊದಲ ಕೆಲಸವನ್ನು ಮಾಡಿಯೇ ಇರಲಿಲ್ಲ.

ಮಗ ಹೇಳುತ್ತಾನೆ: "ಅಪ್ಪಾ, ಇದನ್ನು ಗುಜರಿಗೆ ಹಾಕಿ." ಅವನ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರ ಆಗಸ್ಟಿನಲ್ಲಿ 10,000 ಆಯಿತು. ಹಳೆಯ ಗಾಡಿ ಹೊಗೆ ಹೆಚ್ಚು ಉಗುಳುತ್ತದೆಂಬುದೂ ನಿಜ. ತಪಾಸಣೆಯಲ್ಲಿ ಅದು ತೇರ್ಗಡೆಯಾಗದ ದಿನ ನಾನೇ ಕೀಲಿಕೈಯನ್ನು ಒಪ್ಪಿಸುತ್ತೇನೆ. ಆದರೆ ನನ್ನ ಉದಾಸೀನದಿಂದ ಕೆಟ್ಟದ್ದನ್ನು ಅದರ ವಯಸ್ಸಿನ ತಲೆಗೆ ಕಟ್ಟಲಾರೆ.

ಬಾಲ್ಯದಲ್ಲಿ ಸಂತೆಗೆ ಹೊರಡುವ ಹಿಂದಿನ ರಾತ್ರಿ ನಮ್ಮ ತಂದೆ ಲಾಂದ್ರದ ಬೆಳಕಿನಲ್ಲಿ ಗಾಡಿಯ ಕಡಾಣಿ ತೆಗೆದು ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದರು. ಎಷ್ಟೇ ದಣಿದಿದ್ದರೂ ಒಂದು ಸಲವೂ ತಪ್ಪಿಸಿದವರಲ್ಲ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಮುದ್ದೇನಹಳ್ಳಿಗೆ ನಾವು ಹೋದದ್ದು ಹತ್ತು ದಿನ ತಡವಾಗಿ. ಜಯಂತಿಯ ಜನಜಂಗುಳಿ ಕರಗಿತ್ತು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಇಳಿದ ಕೂಡಲೇ ಬಗ್ಗಿ ಎಡ ಚಕ್ರದ ಒಳಮಗ್ಗುಲಿಗೆ ಬೆರಳಾಡಿಸಿದೆ. ಗೆರೆಗಳೆಲ್ಲ ಸಮವಾಗಿದ್ದವು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅದೇ ನನ್ನ ಕೆಲಸ.